ಅವತ್ತು ಹುಳದ ಮನೆಯಲ್ಲಿ ನಿನಗೆ ಹೇಗೆ ಗೊತ್ತಾಯಿತು, ತಾತ?

ಪ್ರೀತಿಯ ತಾತ,

ಮೊದಲು ಸಾರಿ. ನೀನು ಹೋಗಿ ವರ್ಷದ ಮೇಲಾಯಿತು. ವರ್ಷದ ತಿಥಿಗೂ ಎರಡು ಸಾಲು ಬರೆಯದವಳು ಈಗ ಬರೆಯಲು ಕೂತಿದ್ದೇನೆ, ಅದೂ ಇಂಥ ವಿಷಯಕ್ಕೆ. ಸತ್ತವರಿಗೆ ಬರೆಯುವ ಪತ್ರದಲ್ಲಿ ಏನಿರಬೇಕೋ ನನಗೆ ಗೊತ್ತಿಲ್ಲ, ಇದಂತೂ ಇರಬಾರದು ಎನ್ನುವುದು ಮಾತ್ರ ಗೊತ್ತು. ಕಾಗುಣಿತ ತಪ್ಪಿದ್ದರೆ ಅದಕ್ಕೂ ಸಾರಿ. ಆರನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದು, ಬೈದುಕೊಳ್ಳುವುದೂ ಇಂಗ್ಲಿಷಿನಲ್ಲೇ ಆಗಿಹೋಗಿದೆ. ಆದರೆ ಇದನ್ನು ಇಂಗ್ಲಿಷಿನಲ್ಲಿ ಬರೆದರೆ ಯಾರದೋ ಮನೆಯ ಕತೆ ಅನ್ನಿಸುತ್ತದೆ. ನಮ್ಮ ಮನೆಯದು ಅನ್ನಿಸಬೇಕಾದರೆ ಹೂಸು ಅಂತಲೇ ಬರೆಯಬೇಕು. ಬರೆದೆ ನೋಡು. ರೂಮ್‌ಮೇಟ್ ಇಣುಕಿಬಿಟ್ಟರೆ ಅಂತ ಎಡಗೈಯನ್ನು ಹಾಳೆಗೆ ಅಡ್ಡ ಇಟ್ಟುಕೊಂಡಿದ್ದೇನೆ. ಈ ವಿಷಯ ಈಗ ನಮ್ಮವರಿಗೆಲ್ಲ ಗೊತ್ತು, ನಿನ್ನೊಬ್ಬನನ್ನು ಬಿಟ್ಟು. ಅದು ನ್ಯಾಯವಲ್ಲ. ಇದೆಲ್ಲ ಶುರುವಾದದ್ದೇ ನಿನ್ನಿಂದ ಅಲ್ಲವಾ?

ನಾನು ಮೊದಲ ಸಲ ಹುಳದ ಮನೆಯೊಳಕ್ಕೆ ಬಂದದ್ದು ನೆನಪಿದೆಯಾ? ಎರಡನೇ ಕ್ಲಾಸಿನ ಬೇಸಿಗೆ ರಜ. ಬಾಗಿಲಲ್ಲೇ ತಡೆದು ನನ್ನ ಕೆನ್ನೆ ಮೂಸಿದೆ. "ಹುಳಕ್ಕೆ ಪೌಡರ್ ವಾಸ್ನೆ ಆಗಲ್ಲಮ್ಮ, ಮೊಕ ತೊಳ್ಕೊಂಡ್ ಬಾ." ತೊಳೆದುಕೊಂಡು ಬಂದೆ. ಒಳಗೆ ತಟ್ಟೆಯ ಮೇಲೆ ತಟ್ಟೆ, ತಟ್ಟೆಯ ತುಂಬ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ತುಂಬ ಬಿಳಿ ರೇಷ್ಮೆ ಹುಳ. ದೂರದಲ್ಲಿ ನೂರು ಜನ ಒಟ್ಟಿಗೆ ಹಪ್ಪಳ ಕಡಿಯುತ್ತಿರುವ ಹಾಗೆ ಸದ್ದು. ಊದುಬತ್ತಿ ಹಚ್ಚಬಾರದು, ನಶ್ಯ ಏರಿಸಬಾರದು ಎಂದೆಲ್ಲ ಹೇಳಿ, ಕೊನೆಗೆ ಬಗ್ಗಿ ನನ್ನ ಕಿವಿಯ ಹತ್ತಿರ ಬಂದೆ.

"ಇನ್ನೊಂದು ರೂಲ್ಸು ಐತೆ. ಹೂಸು ಬಂದ್ರೆ ಅಂಗಳಕ್ಕೋಗಿ ಬಿಟ್ ಬರ್ಬೇಕು. ತಡೀಲಿಲ್ಲ, ಇಲ್ಲೇ ಆಗೋಯ್ತು ಅಂದ್ರೆ, ತಕ್ಷಣ 'ನಂದು' ಅಂದ್ಬಿಡ್ಬೇಕು."

"ಯಾಕೆ ತಾತ?"

"ಹುಳಕ್ಕೆ ಸಪ್ಪೆರೋಗ ಬಂದ್ರೂ ಇಂಥದ್ದೇ ನಾತ ಕಣಮ್ಮ. ನೀನು ಬಾಯಿ ಬಿಡ್ಲಿಲ್ಲ ಅಂದ್ರೆ, ಅಯ್ಯೋ ರೋಗ ಬಂತು ಅಂತ ನಾವು ಒಂದೊಂದೇ ತಟ್ಟೆ ಎತ್ತಿ ಹುಡುಕ್ಬೇಕು. ಪಾಪ, ಚೆನ್ನಾಗಿರೋ ಹುಳಾನೂ ತಿಪ್ಪೆಗೆ ಹೋಗ್ಬಿಡ್ತವೆ."

ಅಷ್ಟೇ ರೂಲ್ಸು. ಆ ರಜದಲ್ಲಿ ಎಷ್ಟು ಸಲ ಕೇಳಿದೆನೋ. ಒಂದು ಕೊನೆಯಲ್ಲಿ ನೀನು ಸೊಪ್ಪು ಕತ್ತರಿಸುತ್ತಿರುತ್ತಿದ್ದೆ, ಇನ್ನೊಂದು ಕೊನೆಯಲ್ಲಿ ಅಜ್ಜಿ ಹಿಕ್ಕೆ ತೆಗೆಯುತ್ತಿರುತ್ತಿದ್ದಳು. ನಡುವೆ ಎಲ್ಲೋ ಸದ್ದು, ಅಥವಾ ಸದ್ದಿಲ್ಲದೆ ಬರೀ ವಾಸನೆ. ನೀನು "ನಂದು" ಅನ್ನುತ್ತಿದ್ದೆ. ಅಜ್ಜಿ ತಲೆ ಎತ್ತದೆ "ಹ್ಞೂಂ" ಅನ್ನುತ್ತಿದ್ದಳು. ನಗು ಇಲ್ಲ, ಮೂಗು ಮುಚ್ಚುವುದಿಲ್ಲ, ಸಾರಿ ಇಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಅಂದರೆ ಪಾಸ್ ಅಂದ ಹಾಗೆ. ಒಂದೇ ವ್ಯತ್ಯಾಸ, ಪ್ರತಿ ಸಲವೂ ನಿನ್ನದೇ. ಅಜ್ಜಿಗೆ ಹೊಟ್ಟೆಯೇ ಇಲ್ಲವೇನೋ ಅಂದುಕೊಂಡಿದ್ದೆ.

ಆರನೇ ಕ್ಲಾಸಿನ ಒಂದು ಮಧ್ಯಾಹ್ನವನ್ನು ನಿನಗೆ ಯಾವತ್ತೂ ಹೇಳಲಿಲ್ಲ. ಮ್ಯಾತ್ಸ್ ಪೀರಿಯಡ್, ಟೆಸ್ಟ್ ನಡೆಯುತ್ತಿತ್ತು, ಇಡೀ ಕ್ಲಾಸು ನಿಶ್ಶಬ್ದ. ನನ್ನದು ಸಣ್ಣ ಸದ್ದು, ಯಾರಿಗೂ ಕೇಳಿಸಿರಲಿಕ್ಕಿಲ್ಲ. ಆದರೆ ನಾನು ನಿನ್ನ ಮೊಮ್ಮಗಳು. ಪೆನ್ಸಿಲ್ ಕೆಳಗಿಟ್ಟು, ಗಟ್ಟಿಯಾಗಿ, "ನಂದು" ಅಂದೆ.

ಎಲ್ಲರೂ ತಿರುಗಿದರು ತಾತ. ಎಲ್ಲರೂ. ಮಿಸ್ ಬಂದು, ಒಳ್ಳೆಯ ಹುಡುಗಿಯರು ಇದನ್ನೆಲ್ಲ ಅನೌನ್ಸ್ ಮಾಡುವುದಿಲ್ಲ ಎಂದು ಮೆತ್ತಗೆ ಇಂಗ್ಲಿಷಿನಲ್ಲಿ ಹೇಳಿದರು. ಅವರು ಮೆತ್ತಗೆ ಹೇಳಿದ್ದೇ ಇನ್ನೂ ನಾಚಿಕೆ. ಹತ್ತನೇ ಕ್ಲಾಸಿನವರೆಗೆ ನನ್ನ ಹೆಸರೇ 'ನಂದು' ಆಯಿತು. ರಜಕ್ಕೆ ಬಂದಾಗ ನೀನು "ಇಸ್ಕೂಲಲ್ಲಿ ಏನಂತ ಕರೀತಾರಮ್ಮ ನಿನ್ನ?" ಎಂದು ಕೇಳಿದರೆ "ನಿತ್ಯ ಅಂತಲೇ" ಅಂದೆ. ನಿನ್ನ ರೂಲ್ಸು ಹುಳದ ಮನೆಯ ಹೊಸಿಲು ದಾಟಿದರೆ ನಡೆಯುವುದಿಲ್ಲ ಎಂದು ನಿನಗೆ ಹೇಗೆ ಹೇಳಲಿ? ಆಮೇಲೆ ಬೇರೆ ವಿದ್ಯೆಗಳನ್ನು ಕಲಿತೆ. ಕುರ್ಚಿ ಎಳೆಯುವುದು, ಅದೇ ಹೊತ್ತಿಗೆ ಕೆಮ್ಮುವುದು, ನಲ್ಲಿ ತಿರುಗಿಸುವುದು. ಅವುಗಳಲ್ಲಿ ಮಾತ್ರ ನಾನು ಫಸ್ಟ್ ರ‍್ಯಾಂಕ್.

ರಘು ಅಣ್ಣನ ಮದುವೆ ಈ ಕಾರ್ತಿಕದಲ್ಲಿ ಆಯಿತು. ನೀನಿದ್ದಿದ್ದರೆ ಎನ್ನುವ ಮಾತು ಬಿಡು, ಅದನ್ನು ಬರೆಯಲು ಹೋದರೆ ಈ ಪತ್ರ ಬೇರೆ ಕಡೆಗೆ… ಅತ್ತಿಗೆಯ ಹೆಸರು ಮೇಘನ. ಚಿಂತಾಮಣಿಯವರು. ಅವರ ಅಪ್ಪ ರಿಟೈರ್ಡ್ ಹೆಡ್‌ಮಾಸ್ಟರು. ಆ ಮನೆಯಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ನೀವು, ತಾವು. ಸೀನಿದರೂ ಕರ್ಚೀಫಿನೊಳಗೆ. ಹುಡುಗಿ ನೋಡಿ ಬಂದ ದಿನವೇ ಅಮ್ಮ ಅಣ್ಣನಿಗೆ ಹೇಳಿದಳು: "ಅವ್ರ ಮನೆ ನಯ ನಾಜೂಕು ಕಣೋ. ಹಳ್ಳಿ ಬುದ್ಧಿ ತೋರಿಸ್ಬೇಡ. ಮಾನ ಕಳೀಬೇಡ." ಅಣ್ಣ ಆ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡನೆಂದರೆ… ಹಿಡಿದುಕೊಂಡ ಅನ್ನುವುದೇ ಸರಿಯಾದ ಪದ.

ಅವರು ಚಿಕ್ಕಬಳ್ಳಾಪುರದಲ್ಲಿ ಮಾಡಿರುವ ಬಾಡಿಗೆ ಮನೆ ನನ್ನ ಹಾಸ್ಟೆಲ್ಲಿನಿಂದ ಹದಿನೈದು ನಿಮಿಷದ ದಾರಿ. ಮಹಡಿಯ ಮೇಲೆ ಒಂದು ಹಾಲ್, ಒಂದು ಅಡಿಗೆಮನೆ, ಬಾತ್‌ರೂಮಿಗೆ ಪ್ಲಾಸ್ಟಿಕ್ ಬಾಗಿಲು, ಆ ಬಾಗಿಲು ತೆರೆದರೆ ನೇರ ಹಾಲ್. ಅಣ್ಣ ಬೆಳಿಗ್ಗೆ ಎಂಟಕ್ಕೆ ಗೌರಿಬಿದನೂರಿನ ಬಸ್ಸು ಹತ್ತಿದರೆ ಬರುವುದು ಸಂಜೆ. ನಾನು ಭಾನುವಾರ ಊಟಕ್ಕೆ ಹೋಗುತ್ತಿದ್ದೆ. ಹೋದಾಗಲೆಲ್ಲ ಬಾತ್‌ರೂಮಿನಲ್ಲಿ ಅತ್ತಿಗೆ, ಒಳಗೆ ನಲ್ಲಿ ಪೂರ್ತಿ ಓಪನ್, ಕೆಳಗಿನಿಂದ ಓನರ್ ಆಂಟಿ: "ಮೇಘನಾ! ಟ್ಯಾಂಕ್ ಖಾಲಿ ಆಯ್ತಲ್ಲಮ್ಮ! ಆನೆಗೆ ಸ್ನಾನ ಮಾಡಿಸ್ತಾ ಇದ್ದೀರೇನಮ್ಮ ಮೇಲೆ?" ನನಗೆ ಆಗಲೇ ಅನುಮಾನ ಬಂದಿತ್ತು. ನಲ್ಲಿ ವಿದ್ಯೆ ನನಗೆ ಗೊತ್ತಿಲ್ಲದ್ದಾ?

ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಒಂದು ಭಾನುವಾರ ಅತ್ತಿಗೆ ಬಾಯಿಬಿಟ್ಟಳು. ಅಣ್ಣ ಮೊಸರು ತರಲು ಹೋಗಿದ್ದ.

"ನಿತ್ಯಾ, ಒಂದ್ ವಿಷ್ಯ. ಯಾರ್ಗೂ ಹೇಳ್ಬಾರ್ದು, ಪ್ರಾಮಿಸ್?"

"ಪ್ರಾಮಿಸ್."

"ಮದ್ವೆ ಆಗಿ ನಲ್ವತ್ತು ದಿನ ಆಯ್ತು. ನಿಮ್ಮಣ್ಣ ಮನೇಲಿದ್ರೆ ನಂಗೆ… ಆಗಲ್ಲ ಕಣೇ. ಅಲ್ಲೇ ಇರ್ತಾರೆ, ಬಾತ್‌ರೂಮ್ ಬಾಗ್ಲಾಚೆ. ನಲ್ಲಿ ಪೂರ್ತಿ ಬಿಟ್ಕೊಂಡ್ರೂ ಆಗಲ್ಲ. ಎಂಟು ಗಂಟೆ ಬಸ್ಸಿಗೆ ಕಾಯ್ತಾ ಇರ್ತೀನಿ. ಭಾನ್ವಾರ ಅಂದ್ರೆ ಹೊಟ್ಟೆನೋವು. ಊಟಾನೇ ಕಮ್ಮಿ ಮಾಡ್ಬಿಟ್ಟಿದ್ದೀನಿ."

ಮದುವೆಗೆ ಹೊಲಿಸಿದ ಬ್ಲೌಸು ಅವಳ ತೋಳಿನಲ್ಲಿ ಸಡಿಲವಾಗಿತ್ತು. ನಾನು ನಗಲಿಲ್ಲ ತಾತ. ನಗು ಬರಲೂ ಇಲ್ಲ.

"ಅವ್ರಾದ್ರೂ ಒಂದ್ ಸಲ ತೇಗ್ಬಾರ್ದಾ? ತೇಗಲ್ಲ. ಗೊರಕೆ ಬಂದ್ರೆ ತಾವೇ ಬೆಚ್ಚಿ ಎದ್ದು ಸಾರಿ ಅಂತಾರೆ. ಊಟ ಆದ್ ತಕ್ಷಣ ಕಾಲ್ ಬಂತು ಅಂತ ಟೆರೇಸಿಗೆ ಹೋಗ್ತಾರೆ, ದಿನಾ." ಕಾಯಿ ಬಿಡಿಸುತ್ತಿದ್ದ ಅವಳ ಕೈ ನಿಂತಿತು. "ಫೋನ್ ಮಾತ್ರ ಇಲ್ಲೇ ಚಾರ್ಜಲ್ಲಿರುತ್ತೆ, ನಿತ್ಯಾ. ಇನ್ನೊಂದ್ ಫೋನ್ ಇದ್ಯಾ ಅವ್ರ ಹತ್ರ? ಯಾರಾದ್ರೂ ಮುಂಚೆ…"

ನನಗೆ ಆ ಕ್ಷಣದಲ್ಲೇ ಎಲ್ಲ ಗೊತ್ತಾಗಿಹೋಯಿತು. ಅಂಗಳಕ್ಕೆ ಹೋಗಿ ಬಿಟ್ಟು ಬರಬೇಕು. ಅಣ್ಣ ನಿನ್ನ ಕೈಯಲ್ಲಿ ಬೆಳೆದವನು, ಚಿಕ್ಕಬಳ್ಳಾಪುರದ ಬಾಡಿಗೆ ಮನೆಗೆ ಅಂಗಳ ಎಲ್ಲಿಂದ ಬರಬೇಕು? ಟೆರೇಸು! ಒಂದೇ ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮದುವೆಯಾಗಿ ನಲವತ್ತು ದಿನದ ಹೆಂಗಸಿಗೆ, ನಿಮ್ಮ ಗಂಡ ಮೇಲೆ ಹೋಗುವುದು ಹೂಸು ಬಿಡಲು ಎಂದು ನಾದಿನಿ ಹೇಳುವುದು ಹೇಗೆ? ನನ್ನ ಬಾಯಿಂದ ಬಂದದ್ದು ಏನು ಗೊತ್ತಾ? "ಇಲ್ಲಿ ಟವರ್ ಸಿಗಲ್ವೇನೋ ಅತ್ತಿಗೆ." ಫೋನು ಕೆಳಗಿರುವಾಗ ಟವರ್ ಎಂಥದ್ದು? ಆ ವಾರವೆಲ್ಲ ಇಂಟರ್ನಲ್ಸ್ ನಡೆಯುತ್ತಿದ್ದರೂ ನನ್ನ ತಲೆಯಲ್ಲಿ ಅದೊಂದೇ ವಾಕ್ಯ ತಿರುಗುತ್ತಿತ್ತು. ಕೆಮಿಸ್ಟ್ರಿ ಪೇಪರಿನಲ್ಲಿ ಗ್ಯಾಸ್ ಲಾ ಕೇಳಿದ್ದರು, ಅದನ್ನೂ ಬಿಟ್ಟು ಬಂದೆ.

ಮರುವಾರವೇ ಅತ್ತಿಗೆ ಹೊಟ್ಟೆನೋವು ಎಂದು ತವರಿಗೆ ಹೋದಳು. ಎರಡು ದಿನ ಅಂದದ್ದು ಹನ್ನೆರಡು ದಿನ ಆಯಿತು. ಅಣ್ಣ ಫೋನ್ ಮಾಡಿದರೆ "ರೆಸ್ಟ್ ತಗೋತಾ ಇದ್ದೀನಿ" ಅಷ್ಟೇ. ಅವನೂ ಅರ್ಧ ಆದ. ಎರಡೂ ಮನೆಯವರು ಕೂತು ಮಾತಾಡಬೇಕು ಎಂದು ಚಿಂತಾಮಣಿಯಿಂದ ಹೇಳಿ ಕಳಿಸಿದರು. ಅಂಥ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಿನಗೆ ಗೊತ್ತಲ್ಲ. ಅಮ್ಮ ನನ್ನನ್ನು ಕೇಳಿದಳು: "ನಿಂಗೇನಾದ್ರೂ ಹೇಳಿದ್ಲೇನೇ?" ಪ್ರಾಮಿಸ್ ಮಾಡಿದ್ದೆನಲ್ಲ. "ಇಲ್ಲ" ಅಂದೆ. ಹುಳದ ಮನೆಯಲ್ಲಿ ತಟ್ಟೆ ಎತ್ತಲು ಶುರು ಮಾಡಿದ್ದಾರೆ, ನಾನು ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ ಅನ್ನಿಸಿತು.

ಚಿಂತಾಮಣಿಯಲ್ಲಿ ಅವರ ಮನೆಯ ಹಾಲ್‌ನಲ್ಲಿ ಒಂಬತ್ತು ಜನ ಕೂತಿದ್ದೆವು. ನಮ್ಮ ಕಡೆ ಅಪ್ಪ, ಅಮ್ಮ, ಅಜ್ಜಿ, ಅಣ್ಣ, ನಾನು. ಅವರ ಕಡೆ ಮೇಷ್ಟ್ರು, ಅವರ ಹೆಂಡತಿ, ಮೇಷ್ಟ್ರ ಅಕ್ಕ, ಮೂಲೆಯಲ್ಲಿ ಅತ್ತಿಗೆ. ಮೊದಲು ಉಪಚಾರ. ಏನು ಕೊಟ್ಟರು ಹೇಳು? ಅವರೆಕಾಳು ಉಪ್ಪಿಟ್ಟು! ಎಲ್ಲರೂ ತಿಂದರು. ಹವಾಮಾನ ಆಯಿತು, ಗೂಡಿನ ರೇಟು ಆಯಿತು. ಕೊನೆಗೆ ಮೇಷ್ಟ್ರ ಅಕ್ಕ ಅತ್ತಿಗೆಯ ಕಡೆ ತಿರುಗಿ, "ಚೆಪ್ಪಮ್ಮಾ, ಚೆಪ್ಪು. ಬಾಯ್ ಬಿಟ್ಟು ಹೇಳಿದ್ರಲ್ವಾ ಗೊತ್ತಾಗೋದು?" ಅಂದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಅಳಿಯಂದಿರು ದಿನಾ ಟೆರೇಸಿಗೆ ಹೋಗಿ ಯಾರ ಜೊತೆಯೋ ಮಾತಾಡ್ತಾರಂತೆ. ಯಾರ ಜೊತೆ ಅಂತ ತಿಳೀಬೇಕು, ಅಷ್ಟೇ."

ಅಣ್ಣ ಕೆಂಪಾದ. "ಯಾರ ಜೊತೇನೂ ಇಲ್ಲ ಸರ್."

"ಮತ್ತೆ ಯಾಕೆ ಹೋಗ್ತೀರಿ?"

ಅಣ್ಣ ನೆಲ ನೋಡಿದ. ಅಪ್ಪ "ಹೇಳೋ ರಘು" ಅಂದ. ಅಮ್ಮನ ಕಣ್ಣಲ್ಲಿ ನೀರು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಹೆಂಡತಿಯೇ ಹೋಗುತ್ತಾಳೆ. ಅವನು ಹೇಳಲಿಲ್ಲ ತಾತ! ಅತ್ತಿಗೆ ಮುಖ ಮುಚ್ಚಿಕೊಂಡು ಒಳಗೆ ಹೋಗಲು ಒಮ್ಮೆಗೇ ಎದ್ದಳು. ಎದ್ದ ರಭಸಕ್ಕೆ…

ದೊಡ್ಡದೇನಲ್ಲ. ಹೊಸ ರೇಷ್ಮೆ ಸೀರೆಯನ್ನು ಯಾರೋ ನಿಧಾನವಾಗಿ ಹರಿದ ಹಾಗೆ, ಕೊನೆಯಲ್ಲಿ ಪ್ರಶ್ನೆ ಕೇಳಿದ ಹಾಗೆ ಸ್ವಲ್ಪ ಮೇಲಕ್ಕೆ ಹೋಗಿ ನಿಂತಿತು. ಎಲ್ಲರೂ ಫ್ಯಾನು ನೋಡಿದರು. ಫ್ಯಾನು ಆಫ್ ಇತ್ತು. ಅತ್ತಿಗೆ ನಿಂತಲ್ಲೇ ಕಲ್ಲಾದಳು. ಆ ಮುಖ ನನಗೆ ಗೊತ್ತು, ಮ್ಯಾತ್ಸ್ ಪೀರಿಯಡ್ಡಿನ ನನ್ನ ಮುಖ ಅದು.

"ನಂದು."

ಅಣ್ಣ. ಯೋಚನೆ ಮಾಡಿ ಹೇಳಿದ್ದಲ್ಲ, ತಲೆಯನ್ನೂ ಎತ್ತಿರಲಿಲ್ಲ. ಅದೇ ಉಸಿರಿನಲ್ಲಿ ಕಿಟಕಿ ಪಕ್ಕದ ಕುರ್ಚಿಯಿಂದ ಇನ್ನೊಂದು.

"ನಂದು."

ಅಜ್ಜಿ!

"ಅಜ್ಜೀ, ನೀನ್ ಸುಮ್ನಿರು. ನಂದು."

"ನೀನ್ ಸುಮ್ನಿರೋ. ವಯಸ್ಸಾದೋಳ್ದು ಅಂದ್ರೆ ಯಾರೂ ಏನೂ ಅನ್ನಲ್ಲ."

ಆಮೇಲೆ ನನಗೇನಾಯಿತೋ ಗೊತ್ತಿಲ್ಲ. ಏಳು ವರ್ಷದಿಂದ ಆ ಪದ ನನ್ನ ಬಾಯಿಗೆ ಬಂದಿರಲಿಲ್ಲ. ಎದ್ದು ನಿಂತು, "ಇಲ್ಲ, ನಂದು" ಅಂದೆ. ಒಂದು ಹೂಸಿಗೆ ಮೂರು ಜನ ವಾರಸುದಾರರು. ಮೇಷ್ಟ್ರ ಹೆಂಡತಿ ನಮ್ಮನ್ನೊಮ್ಮೆ ನೋಡಿದರು, ಗಂಡನನ್ನೊಮ್ಮೆ ನೋಡಿದರು.

"ನೋಡಿದ್ರಾ? ಮೂವತ್ತೆರಡು ವರ್ಷ ಆಯ್ತು. ಒಂದ್ ದಿನಾನಾದ್ರೂ ನೀವು ನಂದು ಅಂದಿದ್ದೀರಾ? ಪೇಪರ್ ಮಡಚಿ ಸದ್ದು ಮಾಡ್ತೀರಿ. ಇಲ್ದಿದ್ರೆ ಬೆಕ್ಕು ಅಂತೀರಿ. ನಮ್ಮನೇಲಿ ಬೆಕ್ಕೆಲ್ಲಿದೆ ರೀ?"

ಮೊದಲು ನಕ್ಕಿದ್ದು ಅತ್ತಿಗೆ. ಅಳುತ್ತಿದ್ದವಳು ಹಾಗೇ ನೆಲಕ್ಕೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮೇಷ್ಟ್ರೂ. ನಗುವಿನ ನಡುವೆ ಅಣ್ಣ ಹೇಳಿದ, "ಮೇಘನಾ, ಟೆರೇಸಿಗೂ ಅದಕ್ಕೇ ಹೋಗ್ತಾ ಇದ್ದೆ."

"ಈ ಚಳೀಲಿ? ದಿನಾ?"

"ಅವರೆಕಾಯಿ ಕಾಲ ಅಲ್ವಾ…"

ಸದ್ದು ಅಡಗಿದ ಮೇಲೆ ಅಜ್ಜಿ ಹೇಳಿದ ಕತೆ ನಮ್ಮ ಯಾರಿಗೂ ಗೊತ್ತಿರಲಿಲ್ಲ. ಅವಳು ಮದುವೆಯಾಗಿ ಬಂದ ತಿಂಗಳಂತೆ. ಆಗ ಬೇರೆ ಹುಳದ ಮನೆ ಇರಲಿಲ್ಲ, ಪಡಸಾಲೆಯಲ್ಲೇ ತಟ್ಟೆಗಳು. ಅವಳಿಂದ ಸದ್ದಿಲ್ಲದ್ದು ಒಂದು ಆಗಿಹೋಯಿತು. ಹೊಸ ಸೊಸೆ, ಬಾಯಿ ಬಿಡಲಿಲ್ಲ. ಮುತ್ತಾತ ಮೂಗು ಅರಳಿಸಿ, ರೋಗ ಬಂತು ಎಂದು ತಟ್ಟೆಗಳನ್ನು ಎತ್ತಲು ಶುರು ಮಾಡಿದ. ಚೆನ್ನಾಗಿದ್ದ ಎರಡು ತಟ್ಟೆ ತಿಪ್ಪೆಯ ಕಡೆ ಹೊರಟವು. ಅಜ್ಜಿ ಕಂಬದ ಹಿಂದೆ ಬೆವರುತ್ತಿದ್ದಳು. ಆಗ ನೀನು ತೋಟದಿಂದ ಬಂದೆಯಂತೆ, ತಲೆಯ ಮೇಲೆ ಸೊಪ್ಪಿನ ಹೊರೆ. ಹೊಸಿಲ ಆಚೆಯೇ ನಿಂತು, "ಅಪ್ಪಾ, ನಂದು" ಅಂದೆಯಂತೆ.

"ಬಾಗ್ಲಾಚೆ ನಿಂತೋನ್ದು ಒಳಗೆಂಗ್ಲಾ ಬಂತು?" ಎಂದನಂತೆ ಮುತ್ತಾತ. ನಕ್ಕು ತಟ್ಟೆ ವಾಪಸ್ ಇಟ್ಟನಂತೆ.

"ಅವತ್ತಿಂದ ಎಲ್ಲಾ ಅವರ್ದೇ," ಅಂದಳು ಅಜ್ಜಿ. "ನೀವೆಲ್ಲ ತಾತಂದು, ತಾತಂದು ಅಂತ ನಗ್ತಿದ್ರಲ್ಲ, ಅರ್ಧಕ್ಕರ್ಧ ನಂದೇ. ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ." ಅವಳು ಸೆರಗಿನಿಂದ ಒರೆಸಿಕೊಂಡದ್ದು ನಗುವಿನ ನೀರೋ ಏನೋ. ನಾನು ಕೇಳಲಿಲ್ಲ.

ಕಳೆದ ಭಾನುವಾರ ಎಲ್ಲರೂ ಊರಿನಲ್ಲಿದ್ದೆವು. ಇದನ್ನು ಹೇಳಲೇ ಕೂತದ್ದು, ಉಳಿದದ್ದೆಲ್ಲ ಪೀಠಿಕೆ. ಅತ್ತಿಗೆ ಚಿಕ್ಕಬಳ್ಳಾಪುರಕ್ಕೆ ಬಂದು ತಿಂಗಳಾಯಿತು, ಕೆನ್ನೆ ತುಂಬಿಕೊಂಡಿದೆ. ಓನರ್ ಆಂಟಿಗೆ ಟ್ಯಾಂಕು ಯಾಕೆ ತುಂಬಿಯೇ ಇರುತ್ತದೆ ಎಂದು ಆಶ್ಚರ್ಯ. ಊರಿನಲ್ಲಿ ಹುಳ ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಿದ್ದವು, ಸೊಪ್ಪು ಹಾಕಿದಷ್ಟೂ ಸಾಲದು. ಅತ್ತಿಗೆ ಮೊದಲ ಸಲ ಹುಳದ ಮನೆಯೊಳಕ್ಕೆ ಬಂದಳು, ಮುಖ ತೊಳೆದುಕೊಂಡು. ಎಲ್ಲರೂ ಸೊಪ್ಪು ಹರಡುತ್ತಿದ್ದೆವು. ಅಪ್ಪ ಒಮ್ಮೆಗೇ ತಲೆ ಎತ್ತಿ ಮೂಗು ಅರಳಿಸಿದ.

"ಏನೋ ನಾತ ಬರ್ತೈತಲ್ಲ? ಸಪ್ಪೆರೋಗ ಏನಾದ್ರೂ…" ಕೈ ಆಗಲೇ ತಟ್ಟೆಯ ಮೇಲೆ. ಅಣ್ಣ ಬಾಯಿ ತೆರೆದ. ನಾನೂ ತೆರೆದೆ.

"ಮಾವ, ನಂದು!"

ಅತ್ತಿಗೆ! ಬೇಕಾದ್ದಕ್ಕಿಂತ ಜೋರಾಗಿಯೇ. ಹಿಪ್ಪುನೇರಳೆ ತೋಟದವರೆಗೂ ಕೇಳಿಸಿರಬೇಕು. ಅಪ್ಪ ತಿರುಗಲಿಲ್ಲ. ತಟ್ಟೆಯಿಂದ ಕೈ ತೆಗೆದು, "ಹ್ಞೂಂ" ಎಂದು ಸೊಪ್ಪು ಹರಡಿದ. ಅಷ್ಟೇ. ಅತ್ತಿಗೆ ಅಣ್ಣನನ್ನು ನೋಡಿದ ನೋಟ… ಪಬ್ಲಿಕ್ ಎಕ್ಸಾಮಿನಲ್ಲಿ ಪಾಸಾದವಳ ಹಾಗೆ.

ಇನ್ನೊಂದು ಸಾಲು ತಟ್ಟೆಗಳಿಗೆ ಸೊಪ್ಪು ಹಾಕಿದೆವು. ಆಮೇಲೆ ಆ ಕೊನೆಯಿಂದ, ಹಿಕ್ಕೆ ತೆಗೆಯುತ್ತಿದ್ದ ಅಜ್ಜಿಯ ಕಡೆಯಿಂದ, ಸಣ್ಣದೊಂದು ಸದ್ದು. ನಮಗೆಲ್ಲ ಕೇಳಿಸಿತು. ನಾವೆಲ್ಲ ಒಂದು ಕ್ಷಣ ಸುಮ್ಮನಿದ್ದೆವು, ಅಭ್ಯಾಸ, ನೀನು ಹೇಳುತ್ತೀಯ ಎಂದು. ಸೊಪ್ಪು ಕತ್ತರಿಸುವ ಜಾಗದಲ್ಲಿ ನಿನ್ನ ಮಣೆ ಇತ್ತು, ನೀನಿರಲಿಲ್ಲ.

"ನಂದು," ಅಂದಳು ಅಜ್ಜಿ.

ಐವತ್ತು ವರ್ಷದ ಮೇಲೆ, ತನ್ನದನ್ನು ತಾನೇ. ನಾವು ಐದೂ ಜನ ಒಟ್ಟಿಗೆ "ಹ್ಞೂಂ" ಅಂದೆವು. ಅವಳು ತಲೆ ತಗ್ಗಿಸಿಯೇ ನಗುತ್ತಿದ್ದಳು ತಾತ, ಹದಿನೆಂಟು ವರ್ಷದ ಹುಡುಗಿಯ ಹಾಗೆ, ಅಂದರೆ ನನ್ನ ಹಾಗೆ, ಅಥವಾ ನಾನು ಇರಬೇಕಾಗಿದ್ದ ಹಾಗೆ.

ಈ ಕಾಗದ ಬರೆಯುತ್ತೇನೆ ಅಂದಾಗ ಅಜ್ಜಿ ಒಂದೇ ಒಂದು ಮಾತು ಕೇಳಲು ಹೇಳಿದ್ದಾಳೆ. ಅವತ್ತು ಹೊಸಿಲ ಆಚೆ, ತಲೆಯ ಮೇಲೆ ಹೊರೆ ಹೊತ್ತು ನಿಂತವನಿಗೆ, ಒಳಗಿನದು ಅವಳದೇ ಎಂದು ಹೇಗೆ ಗೊತ್ತಾಯಿತು? ಅವಳ ಮುಖ ನೋಡಿದೆಯಾ, ಅಥವಾ ಯಾರದಾದರೂ ಸರಿ ಎಂದು ಅಂದುಬಿಟ್ಟೆಯಾ? ಅಣ್ಣನಂತೂ ಅದು ನಿಜವಾಗಿ ನಿನ್ನದೇ ಇರಬೇಕು, ಗಾಳಿ ಒಳಕ್ಕೆ ಬೀಸಿರಬೇಕು ಅನ್ನುತ್ತಾನೆ. ಅಜ್ಜಿ ಈಗ ಪ್ರತಿ ದಿನ ಫೋನಿನಲ್ಲಿ "ತಾತ ಏನಂದ್ರೇ?" ಎಂದು ಕೇಳುತ್ತಾಳೆ.

ಬೇಗ ಉತ್ತರ ಬರಿ, ತಾತ.

ನಿನ್ನ,
ನಿತ್ಯ